ಸಿಂಗಾಪುರ ನೈಟ್ ರೇಸಿಗೆ ಪ್ಯಾಕೇಜ್ ತಗೊಳ್ಳುವ ಮೊದಲು ಇದನ್ನೊಮ್ಮೆ ಓದಿ

ಫಾರ್ಮುಲಾ ಒನ್ ಹುಚ್ಚಿರುವ ಕುಡ್ಲದವರಿಗೂ ಉಡುಪಿಯವರಿಗೂ ಈ ಮಾತು. ಸಿಂಗಾಪುರ ರೇಸಿಗೆ ಊರಿನ ಏಜೆಂಟರ ಹತ್ತಿರ ಪ್ಯಾಕೇಜ್ ಮಾಡಿಸುವ ಯೋಚನೆ ಉಂಟಾ? ಹಾಗಾದರೆ ಪೂರ್ತಿ ದುಡ್ಡು ಕೊಡುವ ಮೊದಲು ಎರಡು ಪ್ರಶ್ನೆ ಕೇಳಿ, ಉತ್ತರ ಬರಹದಲ್ಲೇ ತಗೊಳ್ಳಿ. ಟಿಕೆಟಿನಲ್ಲಿ ಸ್ಟ್ಯಾಂಡ್, ಸಾಲು, ಸೀಟ್ ನಂಬರ್ ಇದೆಯಾ? ಹೋಟೆಲ್ ಯಾವ ದೇಶದಲ್ಲಿದೆ? ಎರಡನೆಯದು ತಮಾಷೆ ಅಲ್ಲ ಮಾರಾಯ್ರೆ.

ನಾನು, ನನ್ನ ಭಾವ ಇಬ್ಬರೂ ಹೋಗಿದ್ದು ಮಂಗಳೂರಿನ ಒಂದು ಟ್ರಾವೆಲ್ ಆಫೀಸಿನ ಮೂಲಕ. ಹೆಸರು ಇಲ್ಲಿ ಹಾಕುವುದಿಲ್ಲ, ದೂರು ಕೊಟ್ಟಾಗಿದೆ. "ಪಡಾಂಗ್‌ನಲ್ಲೇ ನಿಮ್ಮ ಸೀಟು ಅಣ್ಣ, ಹೋಟೆಲಿನಿಂದ ಟ್ರ್ಯಾಕಿಗೆ ಅರ್ಧ ಗಂಟೆ, ಟೆನ್ಷನ್ ಬೇಡ" ಅಂತ ವಾಟ್ಸಾಪ್ ಮಾಡಿದ್ದರು. ತಲೆಗೆ ಲಕ್ಷ ದಾಟಿತ್ತು. ಟಿಕೆಟ್ ಮಾತ್ರ ಹೊರಡುವ ಹಿಂದಿನ ದಿನದವರೆಗೂ ಕೈಗೆ ಬರಲಿಲ್ಲ.

ಬಂದಾಗ ಅದರಲ್ಲಿ ಇದ್ದದ್ದು ಝೋನ್ 4 ವಾಕ್‌ಅಬೌಟ್. ಟ್ರ್ಯಾಕಿನ ಸುತ್ತಲಿನ ಜಾಗವನ್ನು ಝೋನ್‌ಗಳಾಗಿ ಭಾಗ ಮಾಡಿರುತ್ತಾರೆ, ಈ ಟಿಕೆಟಿಗೆ ಝೋನ್ 4ರ ಒಳಗೆ ತಿರುಗಾಡಲು ಮಾತ್ರ ಬಿಡುತ್ತಾರೆ, ಪಿಟ್ (ಕಾರಿನ ಟೈರ್ ಬದಲಿಸುವ ಜಾಗ) ಇರುವ ಝೋನ್ 1ರ ಹತ್ತಿರವೂ ಬಿಡುವುದಿಲ್ಲ. ಸೀಟು ಅನ್ನುವುದೇ ಇಲ್ಲ. ಪಡಾಂಗ್ ಮೈದಾನ ಇರುವುದು ಝೋನ್ 4ರಲ್ಲೇ, ಅಲ್ಲೊಂದು ಗ್ರ್ಯಾಂಡ್‌ಸ್ಟ್ಯಾಂಡೂ ಉಂಟು. ಹಾಗಾಗಿ ಏಜೆಂಟ್ ಜಾಗದ ಬಗ್ಗೆ ಸುಳ್ಳು ಹೇಳಲಿಲ್ಲ, ಸೀಟಿನ ಬಗ್ಗೆ ಮಾತ್ರ ಹೇಳಿದ. ಜಾಣತನ ನೋಡಿ.

ವಾಕ್‌ಅಬೌಟ್ ಕೆಟ್ಟದ್ದು ಅಂತ ಅಲ್ಲ. ಗೊತ್ತಿದ್ದು ತಗೊಂಡರೆ ಅಗ್ಗ. ಆದರೆ ಎತ್ತರದ ಕಟ್ಟೆಗಳ ಮೇಲೆ ಜನ ಮಧ್ಯಾಹ್ನವೇ ಬಂದು ಜಾಗ ಹಿಡಿದಿರುತ್ತಾರೆ. ರೇಸ್ ಶುರುವಾಗುವುದು ರಾತ್ರಿ. ನಮಗೆ ಸಿಕ್ಕಿದ್ದು ಬೇಲಿಯ ಪಕ್ಕ, ಮುಂದೆ ನಾಲ್ಕು ಸಾಲು ತಲೆ, ಅದರಾಚೆ ದಪ್ಪ ತಂತಿಯ ಬಲೆ. ಫ್ಲಡ್‌ಲೈಟಿಗೆ ಬಲೆಯೇ ಬೆಳ್ಳಗೆ ಹೊಳೆಯುತ್ತಿತ್ತು, ಕಾರು ಅದರ ಹಿಂದೆ ಬಣ್ಣದ ಗೆರೆ ಎಳೆದ ಹಾಗೆ ಹೋಗಿಬಿಡುತ್ತಿತ್ತು. 62 ಸುತ್ತಿನಲ್ಲಿ ಯಾರು ಎಲ್ಲಿದ್ದಾರೆ ಅಂತ ತಿಳಿಯಲು ದೂರದ ದೊಡ್ಡ ಪರದೆಯೇ ಗತಿ. ಬೆವರು ಸುರಿಯುವುದಂತೂ ನಮ್ಮ ಮೇ ತಿಂಗಳನ್ನು ಮೀರಿಸುತ್ತದೆ. ಭಾವ ಒಂದೇ ಸಮನೆ, "ಇದನ್ನು ಮನೆಯ ಟಿವಿಯಲ್ಲಿ ನಮ್ಮೂರಿನ ಸಂಜೆ ಐದೂವರೆಗೆ ಆರಾಮವಾಗಿ ನೋಡ್ಬಹುದಿತ್ತು ಅಲ್ವಾ" ಅನ್ನುತ್ತಿದ್ದ.

ಅಂದ ಹಾಗೆ, ಈ ರೇಸಿಗೂ ಮೋಸಕ್ಕೂ ಹಳೆಯ ನಂಟು. 2008ರಲ್ಲಿ ಇಲ್ಲಿ ಫಾರ್ಮುಲಾ ಒನ್‌ನ ಮೊದಲ ರಾತ್ರಿ ರೇಸ್ ನಡೆದಾಗ ರೆನೋ ತಂಡದ ನೆಲ್ಸನ್ ಪಿಕೆ ಜೂನಿಯರ್ ಬೇಕಂತಲೇ ಗೋಡೆಗೆ ಗುದ್ದಿದ್ದ. ಸೇಫ್ಟಿ ಕಾರ್ ಬಂತು, ಅಂದರೆ ಎಲ್ಲರೂ ಅದರ ಹಿಂದೆ ನಿಧಾನಕ್ಕೆ ಸಾಲಾಗಿ ಹೋಗಬೇಕು. ಅದಕ್ಕೆ ಸ್ವಲ್ಪ ಮೊದಲೇ ಪಿಟ್ಟಿಗೆ ಹೋಗಿ ಬಂದಿದ್ದವನಿಗೆ ಇದರಿಂದ ಲಾಭ. 15ನೇ ಜಾಗದಿಂದ ಹೊರಟಿದ್ದ ಅದೇ ತಂಡದ ಅಲೊನ್ಸೊ ಗೆದ್ದ. ಗುಟ್ಟು ರಟ್ಟಾಗಿದ್ದು ಮರುವರ್ಷ.

ಈಗ ಹೋಟೆಲಿನ ಕಥೆ. ಅದು ಇದ್ದದ್ದು ಜೋಹೋರ್ ಬಾರುವಿನಲ್ಲಿ, ಅಂದರೆ ಮಲೇಷ್ಯಾದಲ್ಲಿ! ಮ್ಯಾಪಿನಲ್ಲಿ ಹತ್ತಿರವೇ ಕಾಣುತ್ತದೆ, ಮಧ್ಯೆ ಒಂದು ಸೇತುವೆ ಅಷ್ಟೇ. ಆದರೆ ಪ್ರತಿ ಸಲ ಸಿಂಗಾಪುರದಿಂದ ಹೊರಗೆ ಹೋಗುವ ತಪಾಸಣೆ, ಮಲೇಷ್ಯಾಕ್ಕೆ ಒಳಗೆ ಬರುವ ತಪಾಸಣೆ, ಬೆಳಿಗ್ಗೆ ಅದೇ ತಿರುಗುಮುರುಗು. ಮಲೇಷ್ಯಾಕ್ಕೆ ಈಗ ನಮಗೆ ವೀಸಾ ಬೇಡ ನಿಜ, ಆದರೆ ಆನ್‌ಲೈನ್ ಅರೈವಲ್ ಕಾರ್ಡ್ ತುಂಬಿಸಲೇಬೇಕು, ಅದನ್ನು ಯಾರೂ ಹೇಳಿರಲಿಲ್ಲ. ನಮ್ಮ ಸಿಂಗಾಪುರ ವೀಸಾ ಒಂದೇ ಪ್ರವೇಶದ್ದಾಗಿದ್ದರೆ ಮೊದಲ ರಾತ್ರಿ ಮಲಗಲು ಆಚೆ ಹೋದವರು ರೇಸ್ ದಿನ ಈಚೆ ಬರಲಿಕ್ಕೇ ಆಗುತ್ತಿರಲಿಲ್ಲ. ರೇಸ್ ಮುಗಿದ ಮೇಲೆ ವುಡ್‌ಲ್ಯಾಂಡ್ಸ್ ಗಡಿಯಲ್ಲಿ ಬಸ್ಸಿಳಿದು ಸಾಲಿನಲ್ಲಿ ನಿಂತು ಹೋಟೆಲ್ ಮುಟ್ಟುವಾಗ ಬೆಳಗಿನ ಜಾವ.

ವಾಪಸ್ ಬಂದು ಕೇಳಿದರೆ "ಸಿಂಗಾಪುರದಲ್ಲೇ ಹೋಟೆಲ್ ಅಂತ ಎಲ್ಲಿ ಹೇಳಿದ್ದೆವು?" ಅಂತ ನಮಗೇ ಸವಾಲು.

ಇಂಥದ್ದು ಆದವರು 1915ಕ್ಕೆ ಫೋನ್ ಮಾಡಿ, ಅದು ಗ್ರಾಹಕ ಸಹಾಯವಾಣಿ. ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ ಉಂಟು. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕ ಇಲ್ಲ, 2 ವರ್ಷದ ಒಳಗೆ ಕೊಟ್ಟರಾಯಿತು. ವಕೀಲರು ಬೇಕೇಬೇಕು ಅಂತಲೂ ಇಲ್ಲ. ಜಗಳಕ್ಕೆ ಹೋಗುವ ಮೊದಲು ವಾಟ್ಸಾಪ್ ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ. ನಮ್ಮ ಏಜೆಂಟರು ಪ್ಯಾಕೇಜಿನ ಬ್ರೋಷರನ್ನು ಫೇಸ್‌ಬುಕ್ಕಿನಿಂದ ನಾವು ಹೋಗಿ ಕೇಳಿದ ದಿನವೇ ಸಂಜೆ ತೆಗೆದುಹಾಕಿದರು.