ಹಳೇ ಕೆಗ್, ಸಿಲಿಂಡರ್ ಕೊಳ್ಳುವ ಮುಂಚೆ ಇದನ್ನು ಓದಿ

ನ್ಯೂಜೆರ್ಸಿಯಲ್ಲಿ ಮನೆಯಲ್ಲೇ ಬಿಯರ್ ಮಾಡುವ ನಮ್ಮವರು ಸಾಕಷ್ಟು ಜನ ಇದ್ದೀರಿ, ಅದಕ್ಕೇ ಬರೆಯುತ್ತಿದ್ದೇನೆ. ನನಗೆ ಮೋಸ ಮಾಡಿದ ಮನುಷ್ಯ ನಿನ್ನೆ ಮತ್ತೆ ಜಾಹೀರಾತು ಹಾಕಿದ್ದಾನೆ. ಅದೇ ಗ್ಯಾರೇಜ್, ಅದೇ ಮೇಜು, 'ಎರಡೇ ಸಲ ಬಳಸಿದ್ದು' ಅನ್ನುವ ಅದೇ ಮಾತು. ನೋಡಿ ಮೈ ಉರಿದು ಹೋಯಿತು.

ಮೂರು ವರ್ಷದಿಂದ ಬಿಯರ್ ಮಾಡಿ ಬಾಟಲಿಗೆ ತುಂಬುತ್ತಿದ್ದೆ. ಇಲ್ಲಿ ಅದಕ್ಕೆ ಅಡ್ಡಿ ಇಲ್ಲ, ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್ ತನಕ ಮಾಡಿಕೊಳ್ಳಬಹುದು, ಮಾರುವ ಹಾಗಿಲ್ಲ ಅಷ್ಟೇ. ಪ್ರತಿ ಸಲ ಐವತ್ತು ಬಾಟಲಿ ತೊಳೆದು ತೊಳೆದು ಸಾಕಾಗಿತ್ತು. ಬಾಟಲಿ ಬದಲು ಬಿಯರ್ ತುಂಬಿಡುವ ಐದು ಗ್ಯಾಲನ್ ಕೆಗ್ ಅನ್ನುವ ಲೋಹದ ಪೀಪಾಯಿ, ಅದಕ್ಕೆ ಗ್ಯಾಸ್ ಕೊಡುವ ಐದು ಪೌಂಡಿನ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಗ್ಯಾಸಿನ ಒತ್ತಡ ಹಿಡಿತದಲ್ಲಿಡುವ ರೆಗ್ಯುಲೇಟರ್, ಬಿಯರ್ ಹುಳಿಯಲು ಬಿಡುವ ಒಂದು ಬಕೆಟ್, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವು ಎರಡು ಪ್ಯಾಕೆಟ್, ಎಲ್ಲ ಸೇರಿ 220 ಡಾಲರ್ ಅಂದ. ಹೋದೆ.

ನನ್ನೆದುರೇ ಸಿಲಿಂಡರಿನ ವಾಲ್ವ್ ತಿರುಗಿಸಿದ. ಒತ್ತಡ ತೋರಿಸುವ ಮೀಟರಿನ ಮುಳ್ಳು 800ರ ಹತ್ತಿರ ಹೋಗಿ ನಿಂತಿತು. 'ನೋಡು, ಫುಲ್ ಇದೆ' ಅಂದ. ನಂಬಿದೆ. ಅಲ್ಲೇ ದುಡ್ಡು ಎಣಿಸಿ ಕೊಟ್ಟೆ.

ಆ ಮುಳ್ಳು ಏನೂ ಹೇಳಲ್ಲ ಸ್ವಾಮಿ! ಒಳಗೆ ಗ್ಯಾಸ್ ದ್ರವವಾಗಿ ಇರುತ್ತದೆ. ತುಂಬ ಇದ್ದರೂ ತಳದಲ್ಲಿ ಸ್ವಲ್ಪ ಉಳಿದಿದ್ದರೂ ಒತ್ತಡ ಹೆಚ್ಚು ಕಡಿಮೆ ಅಷ್ಟೇ ತೋರಿಸುತ್ತದೆ, ಆ ಕೊನೇ ಹನಿ ಆವಿಯಾದ ಮೇಲೆ ಮಾತ್ರ ಮುಳ್ಳು ದಬಕ್ಕನೆ ಬೀಳುತ್ತದೆ. ಊರಲ್ಲಿ ಅಮ್ಮ ಅಡುಗೆ ಸಿಲಿಂಡರನ್ನು ಅಲ್ಲಾಡಿಸಿ, ಎತ್ತಿ ನೋಡಿ, ಇನ್ನು ನಾಲ್ಕು ದಿನ ಬರುತ್ತೆ ಅನ್ನುತ್ತಿದ್ದರು. ಇದೂ ಹಾಗೇ, ತೂಕ ಮಾತ್ರ ನಿಜ. ಇದು ಗೊತ್ತಿಲ್ಲದೆ ನಾನು ಮುಳ್ಳು ನೋಡಿ ದುಡ್ಡು ಕೊಟ್ಟುಬಿಟ್ಟೆ, ಹೇಳೋಕೂ ನಾಚಿಕೆ ಆಗುತ್ತದೆ.

ಎರಡೇ ದಿನಕ್ಕೆ ಗ್ಯಾಸ್ ಖಾಲಿ. ಎಲ್ಲೋ ಸೋರುತ್ತಿದೆ ಅಂದುಕೊಂಡು ರಾತ್ರಿ ಹನ್ನೊಂದರ ತನಕ ಒಂದೊಂದು ಜೋಡಣೆಗೂ ಸೋಪಿನ ನೀರು ಹಚ್ಚಿ ನೋಡಿದೆ. ಒಂದು ಗುಳ್ಳೆ ಇಲ್ಲ. ಅವನಿಗೆ ಮೆಸೇಜ್ ಮಾಡಿದರೆ 'ನಿನಗೆ ಜೋಡಿಸೋಕೆ ಬರಲ್ಲ' ಅಂತ ಉತ್ತರ.

ಶನಿವಾರ ವೆಲ್ಡಿಂಗ್ ಗ್ಯಾಸ್ ತುಂಬುವ ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯವನು ಸಿಲಿಂಡರ್ ತಿರುಗಿಸಿ ಕುತ್ತಿಗೆ ಹತ್ತಿರ ಬೆರಳಾಡಿಸಿದ. ಅಲ್ಲಿ ಒಂದು ಹಸಿರು ಸ್ಟಿಕ್ಕರ್ ಇತ್ತು, ಹಾಪ್ಸ್ ಹೂವಿನ ಚಿತ್ರ. ಚೆನ್ನಾಗಿದೆ ಅಂತ ನಾನು ಬಿಟ್ಟಿದ್ದೆ. ಅವನು ಉಗುರಿನಿಂದ ಅದನ್ನು ಕಿತ್ತ. ಕೆಳಗೆ ಲೋಹದಲ್ಲಿ ಒತ್ತಿದ ತಾರೀಖು, 2009ರ ಜೂನ್. ಐದು ವರ್ಷಕ್ಕೊಮ್ಮೆ ಒತ್ತಡದ ಪರೀಕ್ಷೆ ಮಾಡಿಸಿ ಹೊಸ ತಾರೀಖು ಒತ್ತಿಸಬೇಕು. ಬೇರೆ ಯಾವ ತಾರೀಖೂ ಇರಲಿಲ್ಲ. 'ಇದಕ್ಕೆ ತುಂಬಲ್ಲ' ಅಂತ ಹೇಳಿ ವಾಪಸ್ ನನ್ನ ಕಡೆ ತಳ್ಳಿದ. ಹಿಂದೆ ಕ್ಯೂನಲ್ಲಿ ನಾಲ್ಕು ಜನ ನಿಂತಿದ್ದರು. ನನ್ನ ಮುಖ ಬಿಸಿ ಆಯಿತು.

ಆ ಸ್ಟಿಕ್ಕರ್ ಒಂದು ಮೂಲೆಯೂ ಸವೆದಿರಲಿಲ್ಲ. ಬೇಕು ಅಂತಲೇ ಅಂಟಿಸಿದ್ದಾನೆ, ಅಲ್ವಾ? ಮಾರಿದವನನ್ನೇ ಕೇಳಿದೆ. 'ಸ್ಟಿಕ್ಕರ್ ಮೊದಲಿಂದ ಇತ್ತು' ಅಂದ. ಪರೀಕ್ಷೆಯ ತಾರೀಖು ಯಾಕೆ ಹೇಳಲಿಲ್ಲ ಅಂದರೆ 'ನೀನು ಕೇಳಲಿಲ್ಲ' ಅಂದ. ಅರ್ಧ ದುಡ್ಡಾದರೂ ಕೊಡು ಅಂದೆ. 'ಮುಳ್ಳು 800 ಇದ್ದದ್ದು ನೀನೇ ನೋಡಿದ್ದೀಯ' ಅಂದ. ಆಮೇಲೆ ಬ್ಲಾಕ್. ನೀನೇ ನೋಡಿದ್ದೀಯ ಅಂತೆ! ಆ ಒಂದು ಮಾತು ಇನ್ನೂ ಚುಚ್ಚುತ್ತಿದೆ.

ಹಾಪ್ಸ್ ಕಂದು ಬಣ್ಣಕ್ಕೆ ತಿರುಗಿ ಹಳಸಿದ ಚೀಸ್ ವಾಸನೆ ಹೊಡೆಯುತ್ತಿತ್ತು, ಎಸೆದೆ. ಬಕೆಟ್ ಒಳಗೆಲ್ಲ ಗೀರು, ಅದರಲ್ಲಿ ಕೂತ ಬ್ಯಾಕ್ಟೀರಿಯಾ ಎಷ್ಟು ತೊಳೆದರೂ ಹೋಗಲ್ಲ. ಗೊತ್ತಿದ್ದೂ ಒಂದು ಸಲ ಅದರಲ್ಲಿ ಬಿಯರ್ ಹಾಕಿದೆ. ಹತ್ತನೇ ದಿನ ಮೇಲೆ ಹಳೇ ಉಪ್ಪಿನಕಾಯಿಗೆ ಕಟ್ಟುವಂಥ ಬಿಳಿ ಪದರ. ಐದು ಗ್ಯಾಲನ್ ಪೂರ್ತಿ ಚರಂಡಿಗೆ ಹೋಯಿತು.

ತಕ್ಕಡಿ ತೆಗೆದುಕೊಂಡು ಹೋಗಿ. ಖಾಲಿ ಸಿಲಿಂಡರಿನ ತೂಕ ಕುತ್ತಿಗೆ ಮೇಲೇ ಒತ್ತಿರುತ್ತಾರೆ, ಹೋಲಿಸಿ ನೋಡಿ. ಪರೀಕ್ಷೆಯ ತಾರೀಖು ಓದಿ. ನಿನ್ನೆಯ ಜಾಹೀರಾತಿನ ಫೋಟೋದಲ್ಲೂ ಸಿಲಿಂಡರಿನ ಕುತ್ತಿಗೆ ಮೇಲೆ ಅದೇ ಹಸಿರು ಸ್ಟಿಕ್ಕರ್ ಇದೆ. ಕಿತ್ತು ನೋಡದೆ ಒಂದು ಡಾಲರ್ ಕೊಡಬೇಡಿ.