ರಂಗಪದಗಳ ಕಾರ್ಡು ಪೆಟ್ಟಿಗೆ: ಕೊಳ್ಳಿ, ಐದು ಕಾರ್ಡು ತಿದ್ದಿಕೊಳ್ಳಿ

ಶಾಲಾ ಮಕ್ಕಳಿಗೆ ನಾಟಕದ ಪದಗಳನ್ನು ಕಲಿಸಲೆಂದೇ ಮಾಡಿರುವ ಈ ಪೆಟ್ಟಿಗೆಯಲ್ಲಿ 72 ಕಾರ್ಡುಗಳಿವೆ. ಅಂಗೈ ಅಗಲದ ರಟ್ಟು. ಮುಂದೆ ಪದ ಮತ್ತು ಚಿತ್ರ, ಹಿಂದೆ ಎರಡು ಸಾಲಿನ ಅರ್ಥ, ಅದರ ಕೆಳಗೆ ‘ಮಾಡಿ ನೋಡಿ’ ಎಂಬ ಸಣ್ಣ ಕೆಲಸ. ಬೆಲೆ 480 ರೂಪಾಯಿ. ಕೊಡಗಿನ ಶಾಲೆಗಳಲ್ಲಿ ಆರರಿಂದ ಹತ್ತನೇ ತರಗತಿವರೆಗೆ ನಾಟಕ ಆಡಿಸುವ ಮೇಷ್ಟ್ರು, ಟೀಚರುಗಳು ಇದನ್ನು ಧಾರಾಳವಾಗಿ ಕೊಳ್ಳಬಹುದು. ಆದರೆ ಐದು ಕಾರ್ಡುಗಳನ್ನು ಮಕ್ಕಳ ಕೈಗೆ ಕೊಡುವ ಮೊದಲೇ ತಿದ್ದಬೇಕು. ನಾಟಕದ ಪದ ಕಿವಿಗೆ ಬಿದ್ದೊಡನೆ ಕಾಲೋ ಕೈಯೋ ಏನಾದರೂ ಮಾಡಬೇಕಾಗುತ್ತದೆ. ಅರ್ಥ ತಪ್ಪಿದರೆ ತಪ್ಪು ರಂಗದ ಮೇಲೆ ಎಲ್ಲರೆದುರು ಕಾಣುತ್ತದೆ.

ದೊಡ್ಡ ತಪ್ಪು ‘ರಂಗದ ಬಲ’, ‘ರಂಗದ ಎಡ’ ಕಾರ್ಡುಗಳದ್ದು. ಚಿತ್ರ ಬಿಡಿಸಿದವರು ಪ್ರೇಕ್ಷಕರ ಕುರ್ಚಿಯಿಂದ ನೋಡಿದ್ದಾರೆ; ಅವರ ಬಲಗೈ ಕಡೆಗೆ ‘ಬಲ’ ಎಂದು ಬಾಣ ಹಾಕಿದ್ದಾರೆ. ರಂಗದಲ್ಲಿ ಬಲವೆಂದರೆ ಪ್ರೇಕ್ಷಕರತ್ತ ಮುಖ ಮಾಡಿ ನಿಂತ ನಟನ ಬಲ, ಅಂದರೆ ನೋಡುವವರ ಎಡ. ಈ ಕಾರ್ಡು ನೋಡಿ ಕಲಿತ ಮಗು ‘ಬಲಗಡೆ ವಿಂಗಿನಿಂದ (ರಂಗದ ಪಕ್ಕದ ಮರೆಯಿಂದ) ಬಾ’ ಎಂದರೆ ಎದುರಿನ ವಿಂಗಿನಿಂದ ಬರುತ್ತದೆ. ದೃಶ್ಯ ಬದಲಾಗುವಾಗ ಆ ಕತ್ತಲಲ್ಲಿ ಬೆಂಚು ಹೊತ್ತು ಬರುವ ಇಬ್ಬರು ಹುಡುಗರಿಗೆ ಸರಿಯಾಗಿ ಎದುರಾಗುತ್ತದೆ. ಬಾಣದ ಮೇಲೆ ಬಿಳಿ ಸ್ಟಿಕ್ಕರ್ ಅಂಟಿಸಿ, ತಿರುಗಿಸಿ ಬರೆಯಿರಿ. ನಿರ್ದೇಶಕರು ಕೆಳಗೆ ಕೂತು ಹೇಳುವಾಗಲೂ ನಟನ ಬಲವನ್ನೇ ಹೇಳುವುದು ರೂಢಿ. ಅದನ್ನೂ ಕಾರ್ಡಿನ ಹಿಂದೆ ಸೇರಿಸಿ.

‘ಅಪ್ ಸ್ಟೇಜ್’ (ರಂಗದ ಹಿಂಭಾಗ), ‘ಡೌನ್ ಸ್ಟೇಜ್’ (ಪ್ರೇಕ್ಷಕರ ಕಡೆಯ ಮುಂಭಾಗ) ಕಾರ್ಡುಗಳು ತಪ್ಪಿಲ್ಲ, ಆದರೆ ಕಾರಣ ಹೇಳಿಲ್ಲ. ಹಿಂಭಾಗಕ್ಕೆ ‘ಮೇಲೆ’ ಎಂದೇಕೆ ಹೇಳಬೇಕೆಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಯೂರೋಪಿನ ಹಳೆಯ ರಂಗಮಂದಿರಗಳಲ್ಲಿ ರಂಗದ ನೆಲವೇ ಹಿಂದಕ್ಕೆ ಏರುತ್ತಾ ಹೋಗುತ್ತಿತ್ತು. ಹಿಂದೆ ನಿಂತವರೂ ಕಾಣಲಿ ಎಂದು. ದಿನಾ ಏರು ಹತ್ತಿ, ಇಳಿಜಾರು ಇಳಿದು ಶಾಲೆಗೆ ಬರುವ ಮಡಿಕೇರಿಯ ಮಕ್ಕಳಿಗೆ ಇದನ್ನು ಒಮ್ಮೆ ಹೇಳಿದರೆ ಮತ್ತೆ ಮರೆಯುವುದಿಲ್ಲ.

ಮೂರನೆಯದು ‘ಸಾತ್ವಿಕ’. ಕಾರ್ಡಿನಲ್ಲಿ ‘ಶಾಂತ ಸ್ವಭಾವದ ಅಭಿನಯ’ ಎಂದಿದೆ. ಇದು ಪೂರ್ತಿ ತಪ್ಪು. ನಾಟ್ಯಶಾಸ್ತ್ರ ಹೇಳುವ ನಾಲ್ಕು ಅಭಿನಯಗಳಲ್ಲಿ ಆಂಗಿಕ ಮೈಯದು, ವಾಚಿಕ ಮಾತಿನದು, ಆಹಾರ್ಯ ವೇಷ ಮತ್ತು ಬಣ್ಣದ್ದು. ಸಾತ್ವಿಕವೆಂದರೆ ಒಳಗಿನ ಭಾವ ತಾನಾಗಿ ಮೈಮೇಲೆ ಕಾಣಿಸಿಕೊಳ್ಳುವುದು. ಮರಗಟ್ಟುವುದು, ಬೆವರು, ಮೈನವಿರೇಳುವುದು, ದನಿ ಒಡೆಯುವುದು, ನಡುಕ, ಬಣ್ಣಗೆಡುವುದು, ಕಣ್ಣೀರು, ಎಚ್ಚರ ತಪ್ಪುವುದು ಎಂದು ಎಂಟನ್ನು ಎಣಿಸುತ್ತಾರೆ. ಇವುಗಳಲ್ಲಿ ಶಾಂತವಾದದ್ದು ಯಾವುದೂ ಇಲ್ಲ. ಹಾಗೆಯೇ ‘ಆಹಾರ್ಯ’ ಎಂದರೆ ಊಟಕ್ಕೆ ಸಂಬಂಧಿಸಿದ್ದು ಎಂದುಕೊಳ್ಳುವ ಮಕ್ಕಳು ಪ್ರತಿ ತರಗತಿಯಲ್ಲೂ ಸಿಗುತ್ತಾರೆ. ಹೊರಗಿನಿಂದ ತಂದು ತೊಟ್ಟದ್ದು ಎಂಬ ಅರ್ಥವನ್ನು ಬಿಡಿಸಿ ಹೇಳಿ. ಕಿರೀಟ ತೊಡಿಸಿ ತೋರಿಸಿದರೆ ಇನ್ನೂ ಒಳ್ಳೆಯದು.

‘ಜನಾಂತಿಕ’ಕ್ಕೆ ‘ತನ್ನಲ್ಲೇ ಆಡಿಕೊಳ್ಳುವ ಮಾತು’ ಎಂದು ಬರೆದಿದ್ದಾರೆ. ಅದು ಸ್ವಗತ. ಜನಾಂತಿಕದಲ್ಲಿ ರಂಗದ ಮೇಲಿರುವ ಒಬ್ಬರೊಡನೆ ಗುಟ್ಟಾಗಿ ಮಾತಾಡುತ್ತಾರೆ, ಉಳಿದವರಿಗೆ ಕೇಳಿಸಲಿಲ್ಲವೆಂದು ಭಾವಿಸಬೇಕು. ಉಂಗುರ ಬೆರಳನ್ನು ಮಡಚಿ, ಉಳಿದ ಬೆರಳು ಚಾಚಿದ ತ್ರಿಪತಾಕ ಹಸ್ತವನ್ನು ಮುಖದ ಪಕ್ಕ ಮರೆಯಾಗಿ ಹಿಡಿಯುವುದು ಇದರ ಗುರುತು. ಮೂವರು ಮಕ್ಕಳನ್ನು ನಿಲ್ಲಿಸಿ ಎರಡೇ ನಿಮಿಷ ಆಡಿಸಿ, ಸ್ವಗತಕ್ಕೂ ಇದಕ್ಕೂ ಇರುವ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ಐದನೆಯದು ‘ಬ್ಲಾಕಿಂಗ್’. ಒಬ್ಬ ನಟ ಮತ್ತೊಬ್ಬನಿಗೆ ಅಡ್ಡ ನಿಂತ ಚಿತ್ರವಿದೆ. ಅದಕ್ಕೆ ರಂಗದವರು ಮಾಸ್ಕಿಂಗ್ ಎನ್ನುತ್ತಾರೆ. ಬ್ಲಾಕಿಂಗ್ ಎಂದರೆ ಯಾವ ಮಾತಿಗೆ ಯಾರು ಎಲ್ಲಿಂದ ಎಲ್ಲಿಗೆ ನಡೆಯಬೇಕೆಂದು ಗೊತ್ತುಮಾಡುವುದು. ಪೆನ್ಸಿಲಿನಲ್ಲಿ ಬರೆದುಕೊಳ್ಳುವಂತೆ ಹೇಳಿ. ತಾಲೀಮು ಮುಗಿಯುವಷ್ಟರಲ್ಲಿ ಅದು ಹತ್ತು ಸಲ ಬದಲಾಗುತ್ತದೆ.

ಈ ಪೆಟ್ಟಿಗೆಯ ನಿಜವಾದ ಗೆಲುವು ರಂಗಸಜ್ಜಿಕೆ, ರಂಗಪರಿಕರ, ವೇಷಭೂಷಣ ಎಂಬ ಮೂರು ಕಾರ್ಡು. ಮೂರನ್ನೂ ಒಂದೇ ಪ್ರಶ್ನೆಯಿಂದ ಬೇರ್ಪಡಿಸಿದ್ದಾರೆ: ನೆಲದ ಮೇಲೆ ನಿಂತಿದೆಯೋ, ಕೈಯಲ್ಲಿದೆಯೋ, ಮೈಮೇಲಿದೆಯೋ? ನಮ್ಮ ಕಡೆ ಇದಕ್ಕೆ ಪೀಚೆಕತ್ತಿಗಿಂತ, ಅಂದರೆ ಕೊಡವರು ಸೊಂಟದಲ್ಲಿ ಧರಿಸುವ ಸಣ್ಣ ಕತ್ತಿಗಿಂತ, ಒಳ್ಳೆಯ ಉದಾಹರಣೆ ಬೇಡ. ಕುಪ್ಯ (ಕೊಡವರ ನಿಲುವಂಗಿ) ತೊಟ್ಟವನ ಚೇಲೆಯಲ್ಲಿ (ಸೊಂಟಪಟ್ಟಿಯಲ್ಲಿ) ಸಿಕ್ಕಿಸಿಕೊಂಡಿರುವಾಗ ಅದು ವೇಷಭೂಷಣ. ಪಾತ್ರಧಾರಿ ಒರೆಯಿಂದ ಹೊರಗೆಳೆದ ಕ್ಷಣದಿಂದ ರಂಗಪರಿಕರ. ಪದ ಬದಲಾದೊಡನೆ ಹೊಣೆಯೂ ಬದಲಾಗುತ್ತದೆ. ವೇಷ ತೊಡಿಸುವವರು ಅದನ್ನು ಸೊಂಟಕ್ಕೆ ಸರಿಯಾಗಿ ಕಟ್ಟಬೇಕು, ಪರಿಕರದ ಪಟ್ಟಿ ಹಿಡಿದವರು ದೃಶ್ಯ ಮುಗಿದ ಮೇಲೆ ಅದು ಮೇಜಿಗೆ ಮರಳಿತೇ ಎಂದು ನೋಡಬೇಕು. ಶಾಲೆಯ ನಾಟಕಕ್ಕೆ ರಟ್ಟಿನದ್ದನ್ನೇ ಬಳಸಿ, ಮನೆಯ ಕತ್ತಿ ತರಲು ಬಿಡಲೇಬೇಡಿ.

‘ವೃತ್ತರಂಗ’ದ, ಅಂದರೆ ಸುತ್ತಲೂ ಪ್ರೇಕ್ಷಕರು ಕೂರುವ ರಂಗದ, ಕಾರ್ಡಿಗೆ ಯಾವುದೋ ದೂರದ ಊರಿನ ರಂಗಮಂದಿರದ ಚಿತ್ರ ಹಾಕಿದ್ದಾರೆ. ನಡುವೆ ದೀಪವಿಟ್ಟು ಸುತ್ತ ಕುಣಿಯುವ ಬೊಳಕಾಟ್, ಒಬ್ಬಳನ್ನು ನಡುವೆ ನಿಲ್ಲಿಸಿ ಸುತ್ತ ತಾಳ ಹಾಕುವ ಉಮ್ಮತ್ತಾಟ್ ನೋಡಿದ ಮಕ್ಕಳಿಗೆ ಆ ಚಿತ್ರವೇ ಬೇಕಿಲ್ಲ. ವೃತ್ತರಂಗದಲ್ಲಿ ‘ಪ್ರೇಕ್ಷಕರಿಗೆ ಬೆನ್ನು ಕೊಡಬೇಡ’ ಎಂಬ ಸೂತ್ರ ನಡೆಯುವುದಿಲ್ಲ, ಯಾರಿಗಾದರೂ ಬೆನ್ನು ಇದ್ದೇ ಇರುತ್ತದೆ. ಅದಕ್ಕಾಗಿ ನಟ ಆಗಾಗ ತಿರುಗುತ್ತಿರಬೇಕು ಎಂಬುದನ್ನೂ ಆಗಲೇ ಹೇಳಬಹುದು. ‘ನೇಪಥ್ಯ’ದ ಕಾರ್ಡು ಬಂದಾಗ ಸಂಪಾಜೆ, ಪೆರಾಜೆ, ಚೆಂಬು ಕಡೆಯ ಮಕ್ಕಳು ‘ಚೌಕಿಯಾ?’ ಎಂದು ಕೇಳಿದರೆ ಹೌದೆನ್ನಿ. ಯಕ್ಷಗಾನದಲ್ಲಿ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗ ಅದೇ.

‘ಕ್ಯೂ’ (ನಟನಿಗೆ ತನ್ನ ಸರದಿ ಬಂತೆಂದು ತಿಳಿಸುವ ಸೂಚನೆ) ಕಾರ್ಡಿನ ಕೆಲಸ ಚೆನ್ನಾಗಿದೆ: ಎದುರಿನವರ ಮಾತಿನ ಕೊನೆಯ ಮೂರು ಪದ ಮಾತ್ರ ಬರೆದುಕೊಂಡು ತನ್ನ ಮಾತು ಹೇಳುವುದು. ಮಕ್ಕಳು ತಮ್ಮ ಮಾತಷ್ಟೇ ಬಾಯಿಪಾಠ ಮಾಡಿ ಎದುರಿನ ಮಾತಿಗೆ ಕಿವಿ ಕೊಡದಿರುವ ಚಾಳಿ ಇದರಿಂದ ಹೋಗುತ್ತದೆ. ಆದರೆ ಕ್ಯೂ ಎಂದರೆ ಮಾತೊಂದೇ ಎಂಬಂತೆ ಬರೆದಿದ್ದಾರೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಶೀಟಿನ ಮೇಲೆ ಮಳೆ ಬೀಳುವಾಗ ಸಭಾಂಗಣದಲ್ಲಿ ಮೂರು ಪದವೂ ಕೇಳಿಸದು, ಗಂಟೆಯೂ ಕೇಳಿಸದು. ಅಂಥ ದಿನಕ್ಕೆ ಕಣ್ಣಿಗೆ ಕಾಣುವ ಕ್ಯೂ ಗೊತ್ತುಮಾಡಿ: ಕೊಡೆ ಮಡಚುವುದು, ಲೋಟ ಕೆಳಗಿಡುವುದು, ದೀಪ ಏರುವುದು.

ಬಳಸುವ ಬಗೆ ಇಷ್ಟೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ 15 ಅಡಿ ಅಗಲ, 12 ಅಡಿ ಆಳದ ಚೌಕಟ್ಟು ಬರೆದು ಒಂಬತ್ತು ಮನೆ ಮಾಡಿ. 40 ನಿಮಿಷದ ಪೀರಿಯಡ್ಡಿಗೆ ಆರು ಹೊಸ ಕಾರ್ಡು ಸಾಕು, ಹಿಂದಿನ ವಾರದ ಮೂರು ಸೇರಿಸಿ. ಪದ ಕೂಗಿ, ಮಕ್ಕಳು ಓಡಿ ಹೋಗಿ ನಿಲ್ಲಲಿ ಇಲ್ಲವೇ ಮಾಡಿ ತೋರಿಸಲಿ. ಅರ್ಥ ಓದುವುದು ಕೊನೆಗೆ. ಮೊದಲೇ ಓದಿಸಿದರೆ ಮಕ್ಕಳು ಕಾರ್ಡು ನೋಡುತ್ತಾ ನಿಲ್ಲುತ್ತಾರೆ, ಮೈ ಅಲುಗುವುದಿಲ್ಲ.

ಬಣ್ಣ, ಬೆಳಕಿನ ಕಾರ್ಡುಗಳು ಸಾಧಾರಣ, ದೂರಲು ಏನಿಲ್ಲ. ನಾಟಕಕಾರರ ಎಂಟು ಕಾರ್ಡುಗಳಲ್ಲಿ ಹರದಾಸ ಅಪ್ಪಚ್ಚ ಕವಿ ಇಲ್ಲದಿರುವುದು ಮಾತ್ರ ಬಹಳ ಬೇಸರದ ವಿಷಯ. 1906ರಿಂದ 1918ರ ನಡುವೆ ಕೊಡವ ತಕ್ಕಿನಲ್ಲಿ (ಕೊಡವ ಭಾಷೆಯಲ್ಲಿ) ನಾಲ್ಕು ನಾಟಕ ಬರೆದವರು ಅವರು. ಪೆಟ್ಟಿಗೆಯಲ್ಲಿ ನಾಲ್ಕು ಖಾಲಿ ಕಾರ್ಡುಗಳಿವೆ. ಒಂದನ್ನು ಅವರಿಗೇ ಇಡಿ.

ರಟ್ಟಿಗೆ ಮುಂಭಾಗದಲ್ಲಷ್ಟೇ ಹೊಳಪು ಪದರವಿದೆ. ಹಿಂಭಾಗ ತೇವ ಎಳೆದು, ಒಂದು ಮಳೆಗಾಲದಲ್ಲೇ ಕಾರ್ಡು ದೋಣಿಯಂತೆ ಬಾಗಿ ಬೂಷ್ಟು ಹಿಡಿಯುತ್ತದೆ. ತಿದ್ದುಪಡಿಗಳೆಲ್ಲ ಮುಗಿದ ಮೇಲೆ 125 ಮೈಕ್ರಾನ್ ಹಾಳೆಯಲ್ಲಿ ಎರಡೂ ಕಡೆ ಲ್ಯಾಮಿನೇಷನ್ ಮಾಡಿಸಿ, ಅಂಚಿನಲ್ಲಿ 3 ಮಿಲಿಮೀಟರ್ ಬಿಟ್ಟು ಕತ್ತರಿಸಿ. ಅಂಚು ಬಿಡದೆ ಕತ್ತರಿಸಿದರೆ ಪದರ ಬಿಚ್ಚಿಕೊಂಡು ನೀರು ಒಳಗೆ ಹೋಗುತ್ತದೆ. ಕೊಟ್ಟಿರುವ ಕಾಗದದ ಪೆಟ್ಟಿಗೆಯನ್ನು ಬಿಟ್ಟು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ.