ಝಾಖೋ ಅರ್ಧ ದಿನದ ಗೈಡ್ ಸೇವೆ: ಸೇತುವೆಗೆ ಪೂರ್ತಿ ಅಂಕ, ಊಟಕ್ಕೆ ಸೊನ್ನೆ

ಉತ್ತರ ಇರಾಕಿನ ಕುರ್ದಿಶ್ ಪ್ರದೇಶದ ಗಡಿಯೂರು ಝಾಖೋಗೆ ದುಹೋಕ್ ನಗರದಿಂದ ಹೋಗಿಬರಲು ಕಾರು, ಜೊತೆಗೊಬ್ಬ ಗೈಡು, ಎಲ್ಲ ಸೇರಿ 90 ಸಾವಿರ ಇರಾಕಿ ದಿನಾರ್. ಒಬ್ಬರೇ ಹೋದರೆ ಕೈ ಕಚ್ಚುತ್ತದೆ. ನಾವು ಮೂವರಿದ್ದೆವು, ಹಂಚಿಕೊಂಡೆವು. ಝಾಖೋದಲ್ಲಿ ಒಂದು ಸೇತುವೆ ಬಿಟ್ಟರೆ ಇನ್ನೇನಿದೆ ಅನ್ನುವವರು ಬಹುಶಃ ಗೈಡ್ ಇಲ್ಲದೆ ಹೋದವರು.

ನಮ್ಮ ಗೈಡ್ ಮೊದಲು ಸೇತುವೆಗೆ ಕರೆದೊಯ್ಯಲೇ ಇಲ್ಲ. ಹಳೇ ಊರಿನ ಹೊಳೆದಂಡೆಯಲ್ಲಿ ನಿಲ್ಲಿಸಿ, ಖಾಬೂರ್ ನದಿ ಕವಲೊಡೆದು ಊರನ್ನು ನಡುಗಡ್ಡೆ ಮಾಡಿದ್ದನ್ನು ತೋರಿಸಿದರು. ಸಿರಿಯಾದ ಖಾಬೂರ್ ಬೇರೆ, ಅದು ಯೂಫ್ರೆಟಿಸ್ ಸೇರುತ್ತದೆ. ಇದು ಟರ್ಕಿಯ ಬೆಟ್ಟಗಳಲ್ಲಿ ಹುಟ್ಟಿ ಇಲ್ಲಿಂದ ಹಾದು ಟೈಗ್ರಿಸ್‌ಗೆ ಹೋಗುತ್ತದೆ. ಝಾಖೋದ ಯಹೂದಿಗಳು ಮರದ ದಿಮ್ಮಿಗಳನ್ನು ತೆಪ್ಪ ಕಟ್ಟಿ ಈ ನೀರಲ್ಲೇ ಮೊಸುಲ್‌ವರೆಗೆ ತೇಲಿಸುತ್ತಿದ್ದರಂತೆ. ಅರಾಮಿಕ್ ಮಾತಾಡುತ್ತಿದ್ದ ಆ ಜನ 1950-51ರಲ್ಲಿ ಇಸ್ರೇಲಿಗೆ ಹೊರಟುಹೋದರು. ಅವರ ಕೇರಿಯನ್ನು ಮಾತ್ರ ಕಾರಿನ ಕಿಟಕಿಯಿಂದಲೇ ತೋರಿಸಿ ಮುಗಿಸಿದ್ದು ನನಗೆ ಸರಿಬರಲಿಲ್ಲ.

ದೆಲಾಲ್ ಸೇತುವೆಯ ಹತ್ತಿರ ಗೈಡ್ ನಿಜಕ್ಕೂ ಅರಳಿದರು. ಸುಮಾರು 115 ಮೀಟರ್ ಉದ್ದ, ಕಲ್ಲಿನ ಕಮಾನುಗಳು, ನಡುವೆ ಎತ್ತರದ ದೊಡ್ಡದೊಂದು. ರೋಮನ್ನರದೋ ಅಬ್ಬಾಸಿ ಖಲೀಫರದೋ ಎಂಬ ಜಗಳಕ್ಕೆ ಅವರು ಸಿಕ್ಕಿಕೊಳ್ಳಲಿಲ್ಲ, ಕಥೆಗೆ ಬಂದರು. ಕಟ್ಟಿದ ನಡುಭಾಗ ಮತ್ತೆ ಮತ್ತೆ ಕುಸಿಯುತ್ತದೆ. ಮೊದಲು ಬರುವ ಜೀವವನ್ನು ಅಲ್ಲೇ ಹುದುಗಿಸಬೇಕೆಂದು ಶಾಸ್ತ್ರ ಹೇಳುವವರ ಮಾತು. ಮುಂದೆ ಓಡುತ್ತಿದ್ದ ನಾಯಿ ತಡೆದು ನಿಂತಿತು, ಮೇಸ್ತ್ರಿಯ ಸೋದರಸೊಸೆ ದೆಲಾಲ್ ಮೊದಲು ಬಂದಳು. ಕೆರೆಗೆ ಕಿರಿಸೊಸೆಯನ್ನು ಕೊಟ್ಟ ಕಥೆ ಕೇಳಿ ಬೆಳೆದ ನಮಗೆ ಮುಂದಿನದು ಹೇಳದೆಯೇ ಗೊತ್ತಾಯಿತು.

ಟರ್ಕಿಗೆ ದಾಟುವ ಇಬ್ರಾಹಿಂ ಖಲೀಲ್ ಗಡಿದ್ವಾರದ ದಾರಿಯಲ್ಲಿ ಲಾರಿಗಳ ಸಾಲು. ಫೋಟೋ ತೆಗೆಯಬೇಡಿ ಅಂತ ಮೊದಲೇ ಎಚ್ಚರಿಸಿದ್ದು ಒಳ್ಳೆಯದಾಯಿತು. ಟರ್ಕಿಯೊಂದಿಗಿನ 1926ರ ಒಪ್ಪಂದದಲ್ಲಿ ಮೊಸುಲ್ ಪ್ರಾಂತ್ಯ ಇರಾಕಿಗೆ ಉಳಿದಾಗ ಝಾಖೋ ಗಡಿಯೂರಾಯಿತು. 1990ರ ದಶಕದಲ್ಲಿ ಇರಾಕಿನ ಮೇಲೆ ವಿಶ್ವಸಂಸ್ಥೆಯ ವ್ಯಾಪಾರ ನಿರ್ಬಂಧವಿದ್ದ ಕಾಲದಲ್ಲಿ ಲಾರಿಗಳು ಇಲ್ಲಿಂದಲೇ ಡೀಸೆಲ್ ಹೊತ್ತು ಟರ್ಕಿಗೆ ಹೋಗುತ್ತಿದ್ದವು. ಈ ಗೇಟಿನ ಸುಂಕಕ್ಕಾಗಿ ಕುರ್ದಿಶ್ ಪಕ್ಷಗಳೇ ಕಚ್ಚಾಡಿದವು ಅನ್ನುವುದನ್ನೂ ಗೈಡ್ ಮುಚ್ಚಿಡಲಿಲ್ಲ. 1991ರ ವಸಂತದಲ್ಲಿ ಸದ್ದಾಮನ ಸೇನೆಗೆ ಹೆದರಿ ಬೆಟ್ಟಕ್ಕೋಡಿದ ಕುರ್ದರು ಇಳಿದು ಬಂದು ಊರಾಚೆಯ ಬಯಲಿನ ಡೇರೆಗಳಲ್ಲಿ ತಂಗಿದ್ದನ್ನು ಹೇಳುವಾಗ ಅವರ ದನಿಯೇ ಬೇರೆಯಾಗಿತ್ತು.

ಉತ್ತರದ ಬೆಟ್ಟದ ಹಳ್ಳಿಗಳಿಗೆ ಬರುವುದಿಲ್ಲ ಅಂದರು. 2022ರ ಜುಲೈನಲ್ಲಿ ಅಲ್ಲಿನ ಪರಖ್ ವಿಹಾರತಾಣದ ಮೇಲೆ ಫಿರಂಗಿ ಗುಂಡು ಬಿದ್ದು 9 ಪ್ರವಾಸಿಗರು ಸತ್ತಿದ್ದು ನೆನಪಿದ್ದವರು ಇದಕ್ಕೆ ಗೊಣಗುವುದಿಲ್ಲ.

ಗೊಣಗಬೇಕಾದ್ದು ಊಟದ ಬಗ್ಗೆ. ಅವರಿಗೆ ಗೊತ್ತಿದ್ದ ಹೋಟೆಲಿಗೇ ಕರೆದೊಯ್ದರು. ಕಬಾಬ್ ತಣ್ಣಗಿತ್ತು, ಬಿಲ್ಲು ಬಿಸಿಯಾಗಿತ್ತು, ಅರ್ಧ ಮಧ್ಯಾಹ್ನ ಅಲ್ಲೇ ಹಾಳು. ಬುಕ್ ಮಾಡುವಾಗಲೇ, ಊಟ ನಾವೇ ನೋಡಿಕೊಳ್ತೀವಿ, ಆ ಹೊತ್ತನ್ನು ಯಹೂದಿ ಕೇರಿಗೆ ಕೊಡಿ ಅಂತ ಹೇಳಿಬಿಡಿ.